ಹುಲಿಯಾದ ಪದ್ದಲೆ ಮತ್ತು ಹಿಂದೆ ಬೀಳುವ ಗಡಿಯಾರ

ಬಹಳ ಹಿಂದೆ, ಕರಡಿಗಳೂ ಗಿಳಿಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಬೆಳ್ಳಿಗಾವಲು ಎಂಬ ರಾಜ್ಯವಿತ್ತು. ಅಲ್ಲಿ ಮನೆಗೊಂದು ಕಂಪ್ಯೂಟರ್ ಇತ್ತು. ಮಾಯಾರಾಜ್ಯದಲ್ಲಿ ಯಾಕಿರಬಾರದು? ಪ್ರತಿ ಮಧ್ಯಾಹ್ನ ಕರೆಂಟೂ ಹೋಗುತ್ತಿತ್ತು.

ಕಾಡಂಚಿನ ಒಂಟಿ ಮನೆಯಲ್ಲಿ ಕೇತ ಎಂಬ ನೇಕಾರನೂ ಅವನ ಹೆಂಡತಿ ಪದ್ದಲೆಯೂ ಇದ್ದರು. ಒಂದು ದಿನ ಉರಿಗಣ್ಣನೆಂಬ ಮಾಂತ್ರಿಕ ಬಂದು, ತನ್ನ ಗಡ್ಡವನ್ನು ಹೊಗಳು ಎಂದ. ಪದ್ದಲೆ ನಕ್ಕುಬಿಟ್ಟಳು. ಮಾಂತ್ರಿಕ ಅವಳನ್ನು ಹುಲಿ ಮಾಡಿದ.

ಶಾಪಕ್ಕೆ ಷರತ್ತುಗಳಿದ್ದವು. ದಿನಾ ಮೂರು ಗಂಟೆಗೆ, ಕಾಡಿನ ನಡುವಿನ ಬಂಡೆಯ ಬಳಿ, ಒಂದು ವೀಳ್ಯ ಅಗಿದು ಮುಗಿಸುವಷ್ಟು ಹೊತ್ತು ಅವಳು ಮನುಷ್ಯಳಾಗುತ್ತಾಳೆ. ಆ ಹೊತ್ತು ಪೂರ್ತಿ ಗಂಡ ಅವಳ ಕೈ ಹಿಡಿದಿದ್ದರೆ ಶಾಪ ಮುರಿಯುತ್ತದೆ. ಮೊದಲೇ ಬಂದು ಕಾದರೆ ಅವಳು ಅಲ್ಲಿಗೆ ಬರುವುದೇ ಇಲ್ಲ. ಹುಣ್ಣಿಮೆ ದಾಟಿದರೆ ಹುಲಿಯೇ ಖಾಯಂ. ಕೆಟ್ಟವರು ಷರತ್ತು ಹಾಕುವುದರಲ್ಲಿ ಜಾಣರು.

ಬಿಸಿಲು ನೋಡಿ ಹೊರಡಬಹುದಿತ್ತು. ಆದರೆ ಅಂದಾಜಿನಲ್ಲಿ ಐದು ನಿಮಿಷ ಆಚೀಚೆ ಆಗುತ್ತದೆ. ಹುಲಿಯ ವಿಷಯದಲ್ಲಿ ಐದು ನಿಮಿಷ ದೊಡ್ಡದು. ಮನೆಯಲ್ಲಿ ಬೇರೆ ಗಡಿಯಾರವಿರಲಿಲ್ಲ. ಕೇತ ಕಂಪ್ಯೂಟರಿನಲ್ಲಿ ಗಂಟೆ ನೋಡಿಕೊಂಡು ಹೊರಟ.

ಅವನು ಬಂಡೆಯ ಬಳಿ ಬಂದಾಗ ಪದ್ದಲೆ ಮತ್ತೆ ಹುಲಿಯಾಗುತ್ತಿದ್ದಳು, ಸೊಂಟದವರೆಗೆ ಪಟ್ಟೆ ಬಂದಿತ್ತು.

"ಎಲ್ಲಿ ಹೋಗಿದ್ರಿ ಇಷ್ಟೊತ್ತು?"

"ಗಡಿಯಾರ ನೋಡೇ ಬಂದೆ ಕಣೇ!"

"ಅದು ಹಿಂದಿದೆ. ಮರ ಹತ್ತಿ, ಬೇಗ!"

ಕೇತ ಹತ್ತಿದ. ಹುಲಿ ಕೆಳಗೆ ಕೂತು, ಅವನನ್ನು ಊಟದ ದೃಷ್ಟಿಯಿಂದ ನೋಡಿತು.

ಆ ರಾಜ್ಯದಲ್ಲಿ ಹಾಲು ಒಡೆದರೂ ಮಾಂತ್ರಿಕನನ್ನೇ ದೂರುತ್ತಿದ್ದರು. ಕೇತ ಸಲಹೆ ಕೇಳಲು ಹೋದಾಗ ಕಾಡಿನ ಕರಡಿಯೂ ಅದನ್ನೇ ಹೇಳಿತು: "ಉರಿಗಣ್ಣ ನಿನ್ನ ನಿಮಿಷ ಕದೀತಿದಾನೆ. ಈ ತಾಯಿತ ಕಟ್ಟು." ಕೇತ ಕಂಪ್ಯೂಟರಿಗೆ ತಾಯಿತ ಕಟ್ಟಿದ. ತಾಯಿತಕ್ಕೆ ಗಂಟೆ ಎಣಿಸಲು ಬರುತ್ತಿರಲಿಲ್ಲ. ಮರುದಿನ ಅವನು ಬಂದಾಗ ಪಟ್ಟೆ ಕುತ್ತಿಗೆಗೆ ಏರಿತ್ತು.

"ಊಟ ಮಾಡಿದ್ರಾ?" ಎಂದಳು ಪದ್ದಲೆ.

"ಮಾಡಿದೆ. ನೀನು?"

"ಜಿಂಕೆ. ಹೆಚ್ಚು ಕೇಳಬೇಡಿ. ಮರ ಹತ್ತಿ."

ಅರಮನೆಯ ಗೋಪುರದಲ್ಲಿ ಒಂದು ಗಿಳಿಯಿತ್ತು. ಅದು ಹೇಳಿದ ಗಂಟೆ ಎಂದೂ ತಪ್ಪುತ್ತಿರಲಿಲ್ಲ. ಕೇತ ಬೇಡಿಕೊಂಡದ್ದಕ್ಕೆ ಗಿಳಿ ಬೆಳಗ್ಗೆ ಹಾರಿ ಬಂದು ಗಂಟೆ ಹೇಳಿ ಗೋಪುರಕ್ಕೆ ಮರಳಿತು. ಕೇತ ಗಡಿಯಾರವನ್ನು ಸರಿಮಾಡಿದ. ಆದರೂ ಮಧ್ಯಾಹ್ನ ತಡವೇ ಆಯಿತು. ಈ ಸಲ ಪಟ್ಟೆ ಪಾದದಲ್ಲಷ್ಟೇ ಇತ್ತು. ಅವನು ಅವಳ ಕೈ ಹಿಡಿದ. ತಡವಾಗಿ ಹಿಡಿದ ಕೈ ಶಾಪದ ಲೆಕ್ಕಕ್ಕಿಲ್ಲ. ಆದರೂ ಬೆಚ್ಚಗಿತ್ತು.

"ಬೆಳಗ್ಗೆ ಸರಿ ಇತ್ತಾ?" ಎಂದಳು.

"ಇತ್ತು."

"ಕರೆಂಟು ಹೋಗೋಕೆ ಮುಂಚೆ ತಪ್ಪಿತೋ, ಬಂದ ಮೇಲೋ?"

"ನೋಡಲಿಲ್ಲ."

"ನೋಡ್ರೀ. ನಾಳೆ ಹುಣ್ಣಿಮೆ. ನನಗೆ..." ಮುಂದಿನದು ಘರ್ಜನೆಯಾಗಿತ್ತು.

ಆ ಸಂಜೆ ಕೇತ ಮಾಂತ್ರಿಕನನ್ನು ಬೈಯುವುದು ಬಿಟ್ಟು ಕಂಪ್ಯೂಟರನ್ನು ನೋಡಿದ. ಗಿಳಿ ಕಿಟಕಿಯಲ್ಲಿ ಕೂತು ಗಂಟೆ ಹೇಳುತ್ತಿತ್ತು. ಕಂಪ್ಯೂಟರ್ ಹಾಕಿದ್ದಾಗ ಗಡಿಯಾರ ಸರಿಯಿತ್ತು. ಆರಿಸಿ, ಅನ್ನ ಬೇಯಿಸಿಕೊಂಡು ಬಂದು, ಮತ್ತೆ ಹಾಕಿದ. ಗಡಿಯಾರ ಹಿಂದೆ ಬಿದ್ದಿತ್ತು.

"ಆರಿಸಿದಾಗ ಗಂಟೆ ಎಣಿಸೋಕೆ ಒಳಗೊಂದು ಸೆಲ್ಲು ಇರುತ್ತೆ," ಎಂದಿತು ಗಿಳಿ. "ಅದು ಮುಗೀತಾ ಬಂದಿರಬೇಕು."

"ಮೊದಲೇ ಹೇಳಬಾರದಿತ್ತಾ?"

"ನೀನು ಗಂಟೆ ಎಷ್ಟು ಅಂತ ಕೇಳಿದೆ. ಹೇಳಿದೆ."

ಬಿಚ್ಚಿ ನೋಡಿದರೆ ಧೂಳಿನೊಳಗೆ ಬಿಲ್ಲೆಯಂಥ ಸೆಲ್ಲು. ಮದುವೆಗೂ ಮುಂಚಿನದು. ಬೆಳಗಾಗುತ್ತಲೇ ಗಿಳಿ ಪೇಟೆಯಿಂದ ಹೊಸದನ್ನು ಕೊಕ್ಕಿನಲ್ಲಿ ತಂದಿತು. ಕೇತ ಅದನ್ನು ಹಾಕಿ, ಗಂಟೆ ಸರಿಮಾಡಿದ. ಮಧ್ಯಾಹ್ನ ಕರೆಂಟು ಹೋಯಿತು, ಬಂತು. ಗಡಿಯಾರ ಗಿಳಿಯ ಮಾತಿಗೆ ಸರಿಯಾಗಿತ್ತು. ಕೇತ ಓಡಿದ.

ದಾರಿಗೆ ಅಡ್ಡವಾಗಿ ಉರಿಗಣ್ಣ ಕೈಯೆತ್ತಿ ನಿಂತಿದ್ದ.

"ಗಡಿಯಾರಕ್ಕೆ ನಾನು ಹಾಕಿದ ಮಾಟ ಹೇಗೆ ತೆಗೆದೆಯೋ?"

"ಮಾಟ ಎಲ್ಲಿತ್ತು ಮಾರಾಯ? ಸೆಲ್ಲು ಮುಗಿದಿತ್ತು."

ಊರವರು ಹೇಳಿದ್ದನ್ನೆಲ್ಲ ತಾನೇ ಮಾಡಿದ್ದೆಂದು ನಂಬಿಕೊಂಡಿದ್ದ ಮಾಂತ್ರಿಕ. ಇದನ್ನು ಕೇಳಿ ಹಾಲು ಒಡೆದದ್ದೂ ತನ್ನಿಂದಲ್ಲವೇನೋ ಎಂದು ಅವನಿಗೆ ಅನುಮಾನ ಬಂತು. ಅನುಮಾನದಲ್ಲಿ ಮಂತ್ರ ಅರ್ಧಕ್ಕೇ ಮರೆತುಹೋಯಿತು. ಕೇತ ಅವನನ್ನು ದಾಟಿ ಹೋದ.

ಬಂಡೆಯ ಬಳಿ ಹುಲಿಯ ಮೈಯಿಂದ ಕೊನೆಯ ಪಟ್ಟೆ ಮಾಯವಾಗುತ್ತಿತ್ತು. ಕೇತ ಕೈ ಹಿಡಿದ. ವೀಳ್ಯ ಅಗಿಯುವಷ್ಟು ಹೊತ್ತು ಮುಗಿಯುತ್ತಾ ಬಂದಾಗ ಅವಳ ಬೆರಳಲ್ಲಿ ಹುಲಿಯ ಉಗುರುಗಳು ಮೂಡಿದವು.

"ಬಿಡ್ರೀ, ಪರಚಿಬಿಡ್ತೀನಿ."

"ಪರಚು."

ಪರಚಿದಳು. ಅವನು ಬಿಡಲಿಲ್ಲ. ಉಗುರುಗಳು ಅವನ ಅಂಗೈಯಲ್ಲೇ ಕರಗಿದವು.

ಮುರಿದ ಶಾಪ ಹಾಕಿದವನಿಗೇ ತಗಲಿತು. ಆದರೆ ಮಾಂತ್ರಿಕನಲ್ಲಿ ಹುಲಿಗಾಗುವಷ್ಟು ಸರಕು ಉಳಿದಿರಲಿಲ್ಲ, ಅವನು ಬೆಕ್ಕಾದ. ಬೆಳ್ಳಿಗಾವಲಿನ ಜನ ಸುಖವಾಗಿದ್ದರು. ಹಾಲು ಒಡೆದರೆ ಪಾತ್ರೆ ತೊಳೆದರು.

ಕೇತ, ಪದ್ದಲೆ ಆ ದಿನ ಎಷ್ಟು ಗಂಟೆಗೆ ಮನೆ ಸೇರಿದರೋ ಯಾರಿಗೂ ಗೊತ್ತಿಲ್ಲ. ಇಬ್ಬರೂ ನೋಡಲಿಲ್ಲ.