ಎರಡು ಹಲ್ಲಿನ ಗುರುತು

ಸೊಸೆ ಹನ್ನೊಂದನೆಯ ಅಂಗಿಯ ಗುಂಡಿ ತೂರುವ ಕಾಜವನ್ನು ಅರ್ಧ ಹೊಲಿದಿದ್ದಳು. ಒಳಗಿನಿಂದ ಅತ್ತೆ ಕೂಗಿದರು.

"ಏ ಇವಳೇ, ಸೂಜಿ ಬಿಟ್ಟು ಬಾ! ಪುಟ್ಟಿಗೆ ಔಷಧಿ ಕುಡಿಸ್ಬೇಕು, ಹಿಡ್ಕೋ."

ಪುಟ್ಟಿ ಎಂದರೆ ಬೆಕ್ಕು. ಅತ್ತೆಯ ಮಗಳು ಮನೆ ಬಿಟ್ಟಾಗ ಉಳಿಸಿಹೋದದ್ದು. ಮಗಳು ಮಾಡಿದ ತಪ್ಪಾದರೂ ಏನು? "ಅತ್ತಿಗೇನ ಆಳಿನ ಹಾಗೆ ದುಡಿಸ್ಬೇಡಮ್ಮ" ಎಂದಿದ್ದಳು. ಅಷ್ಟಕ್ಕೇ ತಾಯಿ ಬಾಗಿಲು ತೋರಿಸಿದ್ದರು! ಅವಳ ಅಣ್ಣ, ಅಂದರೆ ಸೊಸೆಯ ಗಂಡ, ದೂರದೂರಿಗೆ ಲಾರಿ ಓಡಿಸುವವನು, ತಡೆಯಲು ಮನೆಯಲ್ಲಿರಲಿಲ್ಲ. ಆಮೇಲೆ ಕರುಳು ಕೇಳದೆ, ಓದುಬರಹ ಬಾರದ ಅತ್ತೆ ಸೊಸೆಯ ಕೈಯಲ್ಲೇ ಒಂದು ಕಾಗದ ಬರೆಸಿದರು: 'ತಪ್ಪು ಒಪ್ಪಿಕೊಂಡು ಮನೆಗೆ ಬಾ.' ಅಂಚೆಗೆ ಹಾಕಲು ಮಾತ್ರ ಬಿಗುಮಾನ ಬಿಡಲಿಲ್ಲ. "ಅವಳೇ ಮೊದ್ಲು ಬರೀಲಿ" ಎಂದು ಗುಂಡಿಗಳ ಡಬ್ಬಿಗೆ ಸೇರಿಸಿದರು. ಎರಡು ವರ್ಷ ಅದು ಅಲ್ಲೇ ಇತ್ತು.

ಔಷಧಿಯ ಕಹಿ ನಾಲಗೆಗೆ ತಾಕಿದ್ದೇ ತಡ, ಬೆಕ್ಕು ಸೊಸೆಯ ಬಲಗೈ ತೋರುಬೆರಳನ್ನು ಕಚ್ಚಿ ಹಾರಿತು. ಎರಡೇ ಚುಕ್ಕೆ, ಎರಡೇ ಹನಿ ರಕ್ತ.

"ಅತ್ತೇ, ಆಸ್ಪತ್ರೇಲಿ ಒಂದ್ಸಲ ತೋರಿಸ್ಕೊಂಡು ಬರ್ಲಾ?"

"ಓಹೋ, ಮಹಾರಾಣಿ! ದಿನಾ ಸೂಜಿ ಚುಚ್ಚಿಸ್ಕೊಳ್ಳೋಳಿಗೆ ಎರಡು ಹಲ್ಲು ಯಾವ ಲೆಕ್ಕ? ಕಾಜ ಯಾರು ಮುಗಿಸ್ತಾರೆ, ಪುಟ್ಟೀನಾ?"

ಸೊಸೆಗೂ ಅದು ನಿಜವೆನಿಸಿತಲ್ಲ, ಅದೇ ಕೇಡಾಯಿತು! ಸೂಜಿ ಚುಚ್ಚಿದಾಗ ಅಂಗಿಗೆ ಕಲೆಯಾಗದಂತೆ ಚೂರುಬಟ್ಟೆ ಬಿಗಿಯುವುದು ಹೊಲಿಯುವವರ ರೂಢಿ. ಅವಳೂ ಗಾಯ ತೊಳೆಯದೆ, ಹಾಗೇ ಬಿಗಿದು, ಮತ್ತೆ ಹೊಲಿಯಲು ಕುಳಿತಳು.

ಮರುದಿನ ಬಿಚ್ಚಿದರೆ ಗಾಯವೇನೋ ಮುಚ್ಚಿತ್ತು; ಬೆರಳು ಮಾತ್ರ ಊದಿ, ಮಡಚಲಾಗದೆ ಬಿರಿಯುತ್ತಿತ್ತು. ಮೂರನೆಯ ದಿನ ಕೆಂಪು ಗೆರೆಯೊಂದು ಮೊಣಕೈವರೆಗೆ ಏರಿತು. ಜ್ವರದಲ್ಲಿ ಅವಳು ಹೊಲಿಗೆ ಯಂತ್ರದ ಮೇಲೇ ಕುಸಿದಾಗ ಅತ್ತೆ ಆಟೋ ಕರೆಸಿ ಆಸ್ಪತ್ರೆಗೆ ಒಯ್ದರು.

"ಇದು ಸೂಜಿ ಗಾಯ ಅಲ್ಲಮ್ಮ!" ಎಂದರು ಡಾಕ್ಟರು. "ಬೆಕ್ಕಿನ ಹಲ್ಲು ಬಾಯಿಯ ನಂಜನ್ನ ಆಳಕ್ಕೆ ಇಳಿಸುತ್ತೆ. ಮೇಲೆ ಚರ್ಮ ಕೂಡ್ಕೊಂಡು ಒಳಗೇ ಕೀವಾಗುತ್ತೆ. ಕಚ್ಚಿದ ತಕ್ಷಣ ಸೋಪು ಹಚ್ಚಿ, ಕಾಲು ಗಂಟೆ ನಲ್ಲಿ ನೀರಲ್ಲಿ ತೊಳೆದು ಅವತ್ತೇ ಬಂದಿದ್ರೆ ಮಾತ್ರೆ, ರೇಬೀಸ್ ಇಂಜೆಕ್ಷನ್‌ನಲ್ಲೇ ಮುಗೀತಿತ್ತು. ಈಗ ಕೈ ಉಳೀಬೇಕಾದ್ರೆ ಬೆರಳು ತೆಗೀಲೇಬೇಕು."

"ನನ್ನದು ತೆಗೀರಿ ಡಾಕ್ಟ್ರೇ... ಈ ಮುದುಕಿಗೆ ಬೆರಳು ಯಾಕೆ? ಅವಳು ಹೊಲಿಯೋಳು...!" ಅತ್ತೆ ಡಾಕ್ಟರ ಮುಂದೆ ತಮ್ಮ ಕೈ ಚಾಚಿದರು.

ಒಬ್ಬರ ಬೆರಳಿಗೆ ಇನ್ನೊಬ್ಬರದು ಆದೀತೇ? ಕೈ ಉಳಿಯಿತು, ಬೆರಳು ಹೋಯಿತು.

ಐದನೆಯ ದಿನ ಅತ್ತೆ ಗುಂಡಿಗಳ ಡಬ್ಬಿ ಹಿಡಿದು ವಾರ್ಡಿಗೆ ಬಂದರು.

"ಹನ್ನೊಂದನೇ ಅಂಗಿ ಹಾಗೇ ಇದೆ ಅತ್ತೆ..."

"ಆ ಅಂಗಿ ಮನೆ ಹಾಳಾಗ!" ಎಂದು ಅತ್ತೆ ಬಿಕ್ಕಿದರು. ಡಬ್ಬಿಯಿಂದ ಕಾಗದ ತೆಗೆದರು. "ಆವತ್ತು ನಿನ್ನ ಆ ಬೆರಳೇ ಬರೆದಿದ್ದು. 'ತಪ್ಪು ಒಪ್ಪಿಕೊಂಡು' ಅನ್ನೋದನ್ನ ಹೊಡೆದುಹಾಕು ತಾಯಿ. 'ತಪ್ಪು ನನ್ನದು' ಅಂತ ಬರಿ."

"ಎಡಗೈಲಿ ಸೊಟ್ಟ ಬರುತ್ತೆ ಅತ್ತೆ."

"ಬರ್ಲಿ. ಯಾಕೆ ಸೊಟ್ಟ ಅಂತ ಅವಳು ಕೇಳೇ ಕೇಳ್ತಾಳೆ. ನಾನೇ ಹೇಳ್ತೀನಿ."

ಎರಡು ಪದ ಮೂಡಲು ಬಹಳ ಹೊತ್ತು ಹಿಡಿಯಿತು. ಅತ್ತೆ ಆಸ್ಪತ್ರೆಯ ಮೆಟ್ಟಿಲಿಳಿದು, ರಸ್ತೆ ದಾಟಿ, ಅಂಚೆ ಪೆಟ್ಟಿಗೆಯೊಳಗೆ ಕಾಗದ ಬಿಟ್ಟರು. ಅದು ತಳ ಮುಟ್ಟಿದ ಸದ್ದು ಕೇಳಿದ ಮೇಲೆಯೇ ಕೈ ಹಿಂದೆಗೆದರು.