ಮೂರು ಗಂಟೆಯ ಕಿಕ್‌ಆಫ್

ಹಿತ್ತಾಳೆ ತಟ್ಟೆ ಅಲ್ಲೇ ಇತ್ತು. ಅದರಲ್ಲಿ ಕುಂಕುಮ ಚೆಲ್ಲಿತ್ತು, ಎರಡು ಸೇವಂತಿಗೆ ಬಿದ್ದಿದ್ದವು. ಚೆಂಡು ಮಾತ್ರ ಇರಲಿಲ್ಲ.

ಶನಿವಾರ, ನಾಲ್ಕು ಇಪ್ಪತ್ತು. ಆಟದ ಅರ್ಧ ವಿರಾಮ. ಅಮೆರಿಕದ ಮೆಟುಚೆನ್‌ನಲ್ಲಿರುವ ನಮ್ಮ ಮನೆಯ ಬೇಸ್‌ಮೆಂಟಿನಿಂದ ಹದಿನಾಲ್ಕು ಜನ ಕಾಫಿಗೆಂದು ಮೇಲೆ ಬಂದೆವು. ಮುಂದಿನ ಕೋಣೆಯ ಖಾಲಿ ತಟ್ಟೆ ನೋಡಿ ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

ಅದು ಅಂಥಿಂಥ ಚೆಂಡಲ್ಲ. ನನ್ನ ಅಣ್ಣ ವಿಶ್ರುತ್ ಕೆನಡಾದ ಸ್ಯಾಸ್ಕಟೂನ್ ಕ್ರೇನ್ಸ್ ತಂಡದ ಕಿಕರ್. ಹೆಲ್ಮೆಟ್ ಹಾಕಿಕೊಂಡು ಆಡುವ ಫುಟ್‌ಬಾಲ್. ಎರಡು ಕಂಬಗಳ ನಡುವೆ ಚೆಂಡು ಒದೆಯುವುದೇ ಅವನ ನೌಕರಿ. ಜೂನ್‌ನಲ್ಲಿ ಸೀಸನ್ ಶುರುವಾದಾಗ ಸಾಲಾಗಿ ನಾಲ್ಕು ಆಟ ಸೋತರು. ಅದರಲ್ಲಿ ಎರಡು ಇವನು ಗುರಿ ತಪ್ಪಿದ್ದರಿಂದಲೇ. ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಹರಿ ಅಂಕಲ್, 'ಎಂಜಿನಿಯರಿಂಗ್ ಬಿಟ್ಟು ಗಾಳಿ ಒದೆಯೋಕೆ ಹೋದ' ಎಂದು ಬರೆದು ಮೂರು ನಗುಮುಖ ಹಾಕಿದ್ದರು. ಐದನೇ ವಾರ ಕೊನೆಯ ಸೆಕೆಂಡಿನಲ್ಲಿ ಐವತ್ತಾರು ಗಜದಿಂದ ಒದ್ದು ಗೆಲ್ಲಿಸಿದ. ಅಲ್ಲಿಂದ ಹದಿನಾಲ್ಕು ಆಟಗಳಲ್ಲಿ ಹನ್ನೊಂದು ಗೆಲುವು. ತಂಡದವರೆಲ್ಲ ಸಹಿ ಮಾಡಿದ ಆ ಐದನೇ ವಾರದ ಚೆಂಡನ್ನು ಅವನು ಮನೆಗೆ ಕಳಿಸಿದ್ದ. ಅಮ್ಮ ಆಯುಧಪೂಜೆಯ ದಿನ ಅದಕ್ಕೂ ಕುಂಕುಮ ಹಚ್ಚಿದ್ದಳು. ಇವತ್ತು ಪಶ್ಚಿಮ ವಿಭಾಗದ ಫೈನಲ್, ಹಾಗಾಗಿ ಮತ್ತೊಮ್ಮೆ.

ಈ ಸೀಸನ್ ಪೂರ್ತಿ ಸ್ಯಾಸ್ಕಟೂನ್‌ನಲ್ಲಿ ನಡೆದ ಆಟಗಳೆಲ್ಲ ನಮಗೆ ಶನಿವಾರ ಮೂರಕ್ಕೆ. ಅಲ್ಲಿ ಮಧ್ಯಾಹ್ನ ಒಂದು, ಇಲ್ಲಿ ಮೂರು. ಇವತ್ತಿನ ಫೈನಲ್ಲೂ ಅಲ್ಲೇ, ಒಂದಕ್ಕೇ. ಇವತ್ತು ಪೂಜೆ ಐದು ನಿಮಿಷ ತಡವಾಯಿತು. ಟಿವಿಯಲ್ಲಿ ಆಪ್ ತೆರೆದರೆ, ಮೊದಲಿಂದ ನೋಡುತ್ತೀರೋ ಲೈವ್ ನೋಡುತ್ತೀರೋ ಎಂದು ಕೇಳಿತು. ಮೊದಲಿಂದ ಎಂದು ಒತ್ತಿದವಳು ನಾನೇ.

ನಾವು ಸೋಫಾದ ಕೆಳಗೆಲ್ಲ ಹುಡುಕುತ್ತಿರುವಾಗ ಹರಿ ಅಂಕಲ್ ಒಳಗೆ ಬಂದರು. ಹತ್ತು ನಿಮಿಷದ ದಾರಿ, ಎಡಿಸನ್‌ನಲ್ಲಿ ಅವರ ಮನೆ. ಯಾರೂ ಕೇಳದಿದ್ದರೂ ತಡವಾದದ್ದಕ್ಕೆ ಕಾರಣ ಹೇಳಿದರು.

"ಮೂರಕ್ಕೆ ಕರೆಕ್ಟಾಗಿ ಮನೇಲಿ ಟಿವಿ ಹಾಕ್ದೆ ಕಣ್ರೀ, ಫಸ್ಟ್ ಕಿಕ್‌ನಿಂದ ನೋಡ್ದೆ. ಹಾಫ್‌ಟೈಮ್ ಆಯ್ತಲ್ಲ, ಹೊರಟೆ."

ವಿಷಯ ತಿಳಿದದ್ದೇ ತಡ, ವಿಚಾರಣೆಯನ್ನು ಅವರೇ ಕೈಗೆತ್ತಿಕೊಂಡರು. ಎಲ್ಲರೂ ಕೆಳಗಿದ್ದಾಗ ಮೇಲೆ ಇದ್ದವರು ಯಾರು?

ಒಬ್ಬನೇ. ಗದಿಗೆಪ್ಪ.

ಗದಿಗೆಪ್ಪ ಗದಗದವನು. ನಮ್ಮ ಕಾಲೇಜಿನಲ್ಲೇ ಎಂಎಸ್ ಓದುತ್ತಾನೆ, ಆಗಸ್ಟ್‌ನಿಂದ ನಮ್ಮ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇದ್ದಾನೆ. ಐದಕ್ಕೆ ಅಸೈನ್‌ಮೆಂಟ್ ಕೊಡಬೇಕಿತ್ತು. ಇಳಿದೇ ಇರಲಿಲ್ಲ ಎಂದ. ಅದಕ್ಕೆ ಸಾಕ್ಷಿ ಯಾರು ಎಂದು ಹರಿ ಅಂಕಲ್ ಕೇಳಿದರು. ಲ್ಯಾಪ್‌ಟಾಪ್ ಎಂದ. ಒಬ್ಬಿಬ್ಬರು ನಕ್ಕರು.

ಹರಿ ಅಂಕಲ್ ಅವನ ಬ್ಯಾಗ್ ನೋಡಬೇಕೆಂದರು. ಅಪ್ಪ ಬೇಡ ಎನ್ನಲಿಲ್ಲ. ಗದಿಗೆಪ್ಪನೇ ಬ್ಯಾಗ್ ತಂದು ನೆಲದ ಮೇಲೆ ಸುರಿದ. ಇಸ್ತ್ರಿ ಮಾಡಿದ ಇಂಟರ್‌ವ್ಯೂ ಶರ್ಟು, ಅವನವ್ವ ಕಳಿಸಿದ ಶೇಂಗಾ ಚಟ್ನಿಪುಡಿ, ಪಾಸ್‌ಪೋರ್ಟ್. ಹದಿನಾಲ್ಕು ಜನ ನಿಂತು ನೋಡಿದೆವು. ಚೆಂಡು ಇರಲಿಲ್ಲ. ಆದರೂ ಹರಿ ಅಂಕಲ್ ಅಪ್ಪನ ಹೆಸರು ಸೇರಿಸಿ ಗ್ರೂಪಿನಲ್ಲಿ ಹಾಕಿಯೇ ಬಿಟ್ಟರು: 'ಪ್ರಭಾಕರ್ ಮನೆಯಲ್ಲಿ ಕಳ್ಳತನ. ಬಾಡಿಗೆ ಹುಡುಗರ ಬಗ್ಗೆ ಎಚ್ಚರ.' ಆರು ಗಂಟೆಯೊಳಗೆ ಚೆಂಡು ಬರದಿದ್ದರೆ ಪೊಲೀಸರಿಗೆ ಫೋನ್ ಎಂದರು. ಸ್ಟೂಡೆಂಟ್ ವೀಸಾದವನ ಹೆಸರು ಪೊಲೀಸ್ ರಿಪೋರ್ಟಿನಲ್ಲಿ ಬಂದರೆ ಏನಾದೀತೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಒಂದಾನೊಂದು ಕಾಲಕ್ಕೆ ಅದೇ ವೀಸಾದಲ್ಲಿ ಬಂದವರೇ.

ಸಿಟ್ಟಿಗೆ ನಾನು ಕೆಳಗೆ ಹೋದೆ. ಟಿವಿ ತನ್ನ ಪಾಡಿಗೆ ಓಡುತ್ತಿತ್ತು. ನಿಲ್ಲಿಸಿದೆ. ವಿಶ್ರುತ್ ಒದೆಯಲು ಕಾಲೆತ್ತಿದವನು ಹಾಗೆಯೇ ನಿಂತ. ಸೋಫಾದ ಮೇಲೆ ಅಮ್ಮನ ಫೋನ್ ಬಿದ್ದಿತ್ತು. ಮಿಸ್ಡ್ ಕಾಲ್ — ವಿಶ್ರುತ್, ಐದು ಗಂಟೆ ಎಂಟು ನಿಮಿಷ. ನೋಡಿದೆ, ಅಮ್ಮನಿಗೆ ಹೇಳಬೇಕೆಂದುಕೊಂಡೆ, ಮೇಲೆ ಹೋಗುವಷ್ಟರಲ್ಲಿ ಮರೆತೆ.

ಐದೂವರೆಗೆ ಕ್ಷಮಾ ಅತ್ತೆ ಬಂದಳು. ಅಪ್ಪನ ಅಕ್ಕ. ಕ್ರ್ಯಾನ್‌ಬರಿ ಎಂಬ ಊರಿನ ಒಂದು ಗೋದಾಮಿನಿಂದ ಹೊರಡುವ ಲಾರಿಗಳಿಗೆ ವೇಳೆ ಹಾಕುವ ಕೆಲಸ ಅವಳದು. ಅಮೆರಿಕಕ್ಕೆ ಬಂದು ಮೂವತ್ತು ವರ್ಷವಾದರೂ ಬಾಯಿ ಮಾತ್ರ ಧಾರವಾಡ ಬಿಟ್ಟು ಹೊರಟಿಲ್ಲ. ಕೋಟು ಬಿಚ್ಚದೆ ನೆಲದ ಮೇಲಿನ ಚಟ್ನಿಪುಡಿ ನೋಡಿದಳು. ಗದಿಗೆಪ್ಪನನ್ನು ನೋಡಿದಳು. ನಡೆದದ್ದನ್ನೆಲ್ಲ ನನ್ನಿಂದ ಕೇಳಿಕೊಂಡಳು.

"ಚೆಂಡು ಕಡೀಕ ನೋಡಿದ್ದು ಯಾವಾಗ?"

"ಮೂರಕ್ಕೆ, ಪೂಜೆ ಮುಗಿದಾಗ. ಆಮೇಲೆ ಎಲ್ಲ ಕೆಳಗೆ ಹೋದ್ವಿ ಅತ್ತೆ. ಬಾಗಿಲಿಗೆ ಲಾಕ್ ಹಾಕಿರ್ಲಿಲ್ಲ."

"ಆಟ ಈಗ ಎಲ್ಲಿಗೆ ಬಂದದ?"

"ನಾನೇ ನಿಲ್ಲಿಸಿದ್ದೀನಿ. ವಿಶ್ರುತ್ ಕಿಕ್ ಮಾಡ್ತಾ..." ಅಲ್ಲಿ ನನಗೆ ನೆನಪಾಯಿತು. "ಹೌದು, ಅವನ ಫೋನ್ ಬಂದಿತ್ತು. ಐದು ಎಂಟಕ್ಕೆ."

ಅತ್ತೆ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು.

"ಮೈದಾನದಾಗ ನಿಂತಾಂವ ಅವ್ವಗ ಫೋನ್ ಹೆಂಗ ಮಾಡ್ತಾನ?"

ಅವಳು ಹರಿ ಅಂಕಲ್ ಎದುರಿನ ಕುರ್ಚಿಯಲ್ಲಿ ಕೂತಳು. "ಹರಿಯವ್ರ, ನೀವೂ ಹಿಂಗ ಆಪಿನಾಗ ನೋಡಿದ್ರೇನು?"

"ಛೆ, ನಮ್ದು ಕೇಬಲ್. ಲೈವೇ ನೋಡೋದು ನಾನು."

"ಫಸ್ಟ್ ಕಿಕ್ ನೋಡಿದ್ರಿ?"

"ಮೂರು ಗಂಟೆಗೆ. ಕಾಫಿ ಹಿಡ್ಕೊಂಡು ಕೂತಿದ್ದೆ."

"ಖರೇನ?"

"ಇದೇನ್ರೀ, ನನ್ನೇ ವಿಚಾರಣೆ ಮಾಡ್ತೀರಾ?"

ಅತ್ತೆ ಅಪ್ಪನ ಕಡೆ ತಿರುಗಿದಳು. "ಪ್ರಭ್ಯಾ, ಹೋದ ಐತವಾರ ಗಡಿಯಾರ ಏನ್ ಮಾಡಿದಿ?"

"ಒಂದು ತಾಸು ಹಿಂದ ಇಟ್ಟೆ. ಚಳಿಗಾಲಕ್ಕ ಇಲ್ಲೆ ಎಲ್ಲಾರೂ ಇಡ್ತಾರಲ್ಲ."

"ಧಾರವಾಡಕ್ಕ ಫೋನ್ ಮಾಡೂ ವ್ಯಾಳ್ಯಾ?"

"ಅದೂ ಬದಲಾತು. ಅಲ್ಲಿ ಅವರು ಗಡಿಯಾರ ಮುಟ್ಟೂದಿಲ್ಲಲ್ಲ."

"ಸ್ಯಾಸ್ಕಟೂನ್‌ದವರೂ ಮುಟ್ಟೂದಿಲ್ಲ. ಆ ಊರಿಗೆ ನಾ ಲಾರಿ ಕಳಸ್ತೀನಿ. ನವೆಂಬರಿನಾಗ ಇದನ್ನ ಮರತ್ರ ಡ್ರೈವರ್ ಬೈಸಿಕೋಬೇಕಾಗ್ತದ."

ನನ್ನ ತಲೆಯಲ್ಲಿ ದೀಪ ಹೊತ್ತಿತು. ಹೋದ ವಾರದವರೆಗೆ ಎರಡು ಗಂಟೆ ಇದ್ದ ಅಂತರ ಈಗ ಒಂದೇ ಗಂಟೆ. ಅಲ್ಲಿ ಒಂದಕ್ಕೆ ಶುರುವಾದ ಆಟ ಇಲ್ಲಿ ಎರಡಕ್ಕೇ ಶುರುವಾಗಿತ್ತು. ನಾವು ಮೂರಕ್ಕೆ ಆಪ್ ತೆರೆದು ಮೊದಲಿಂದ ನೋಡಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಐದರ ಹೊತ್ತಿಗೆ ಆಟ ಮುಗಿಸಿ ವಿಶ್ರುತ್ ಫೋನ್ ಮಾಡಿದ್ದ. ನಮ್ಮ ಪರದೆಯಲ್ಲಿ ಇನ್ನೂ ಒದೆಯುತ್ತಿದ್ದ.

"ಮೂರಕ್ಕ ಲೈವ್ ಹಾಕಿದವರಿಗೆ ಕಾಣೂದು ಹಾಫ್‌ಟೈಮಿನ ಹತ್ತರದ ಆಟ," ಎಂದಳು ಅತ್ತೆ. "ಫಸ್ಟ್ ಕಿಕ್ ಅಲ್ಲ. ನಾಕೂವರಿಗೆ ಹಾಫ್‌ಟೈಮ್ ಇದ್ದದ್ದು ಇಡೀ ಅಮೆರಿಕದಾಗ ಈ ಬೇಸ್‌ಮೆಂಟಿನಾಗ ಅಷ್ಟ. ನೀವು ಆಟ ನೋಡೇ ಇಲ್ಲ, ಹರಿಯವ್ರ. ಒಳಗ ಬಂದು ಇವರ ಹಾಫ್‌ಟೈಮ್ ನೋಡಿ ಅದನ್ನ ನಿಮ್ದು ಮಾಡ್ಕೊಂಡ್ರಿ. ಮದಲ ಒಮ್ಮೆ ಬಂದು ಹೋಗಿದ್ರಿ, ಹೌದಲ್ಲೋ? ಕಾರಿನ ಡಿಕ್ಕಿ ತಗೀರಿ."

ಹರಿ ಅಂಕಲ್ ಕೀಲಿ ಹುಡುಕಲು ಬಹಳ ಹೊತ್ತು ತೆಗೆದುಕೊಂಡರು. ಡಿಕ್ಕಿಯಲ್ಲಿ ಅವರ ಚಳಿಗಾಲದ ಕೋಟು, ಒಳಗೆ ಚೆಂಡು. ಕುಂಕುಮ ಕೋಟಿನ ಅಸ್ತರಿಗೆಲ್ಲ ಮೆತ್ತಿತ್ತು.

ಅವರ ಹೊಸ ಬಾಸ್ ಕೆನಡಾದವನಂತೆ. ವಿಶ್ರುತ್‌ಗೆ ಚಿಕ್ಕಂದಿನಲ್ಲಿ ಒದೆಯಲು ಕಲಿಸಿದ್ದೇ ತಾನು ಎಂದು ಅಂಕಲ್ ಆಫೀಸಿನಲ್ಲಿ ಹೇಳಿಕೊಂಡಿದ್ದರಂತೆ. ಸೋಮವಾರ ತೋರಿಸಿ, ಮಂಗಳವಾರ ವಾಪಸು ಇಡುವ ಯೋಚನೆಯಂತೆ. ಕೇಳಿದ್ದರೆ ಅಮ್ಮ ಕುಂಕುಮ ಹಚ್ಚಿಯೇ ಕೊಡುತ್ತಿದ್ದಳು. ಚೆಂಡು ಒಯ್ದದ್ದನ್ನು ನಾನು ಕ್ಷಮಿಸಬಲ್ಲೆ. ತನ್ನ ಕಾರಿನಲ್ಲಿ ಚೆಂಡಿಟ್ಟುಕೊಂಡು ಇನ್ನೊಬ್ಬನ ಬ್ಯಾಗ್ ಬಿಚ್ಚಿಸಿದ ಆ ಮನುಷ್ಯನನ್ನು ಕ್ಷಮಿಸಲಾರೆ.

ಅತ್ತೆ ಅವರ ಫೋನ್ ತೋರಿಸಿ, ಗ್ರೂಪಿನಾಗ ಬರೀರಿ ಎಂದಳು. ಅವರು 'ಸಣ್ಣ ತಪ್ಪು ತಿಳಿವಳಿಕೆ' ಎಂದು ಬರೆದರು. ಅಳಿಸಲು ಹೇಳಿದಳು. 'ಚೆಂಡು ಸಿಕ್ಕಿತು' ಎಂದು ಬರೆದರು. ಅದನ್ನೂ ಅಳಿಸಿಸಿದಳು. ಮೂರನೇ ಸಲ ಬರೆದದ್ದನ್ನು ನಾನೇ ಓದಿ ಕಳಿಸಿದೆ: 'ಚೆಂಡು ತೆಗೆದುಕೊಂಡಿದ್ದು ನಾನು, ಹರಿ. ಗದಿಗೆಪ್ಪ ಅಲ್ಲ.'

ಅಮ್ಮನ ಫೋನ್ ಮತ್ತೆ ರಿಂಗಾಯಿತು. ಕ್ರೇನ್ಸ್ ಒಂದೇ ಪಾಯಿಂಟಿನಿಂದ ಗೆದ್ದಿದ್ದರು. ಆ ಪಾಯಿಂಟ್ ವಿಶ್ರುತ್‌ನದೇ. ಅಲ್ಲಿಂದ ಅವನ ಕೂಗಾಟ ಕೇಳಿಸುತ್ತಿತ್ತು. ನಮ್ಮ ಮನೆಯಲ್ಲಿ ಯಾರೂ ಕೂಗಲಿಲ್ಲ.

ಅಪ್ಪ ನೆಲದ ಮೇಲಿನ ಶರ್ಟನ್ನು ಎತ್ತಿ ಮಡಿಚಲು ಹೋದ. "ಬಿಡು ಗದಿಗೆಪ್ಪ, ಆದದ್ದು ಆಗಿ ಹೋತು."

"ಹಂಗಂತ ಅನ್ನಬೇಕಾದಾಂವ ಅವನು," ಎಂದಳು ಅತ್ತೆ. "ನೀ ಅಲ್ಲ."

ಗದಿಗೆಪ್ಪ ಅಪ್ಪನ ಕೈಯಿಂದ ಶರ್ಟು ತೆಗೆದುಕೊಂಡ. ಪಾಸ್‌ಪೋರ್ಟನ್ನು ಜೇಬಿಗಿಟ್ಟ. ಚಟ್ನಿಪುಡಿಯ ಪೊಟ್ಟಣವನ್ನು ಅಮ್ಮನ ಮುಂದಿನ ಮೇಜಿನ ಮೇಲೆ ಇಟ್ಟ. ಬೆಳಿಗ್ಗೆ ಅವಳು ಕೇಳಿದ್ದಳು.

"ಕ್ಷಮಾಬಾಯಾರ," ಎಂದ, "ಕ್ರ್ಯಾನ್‌ಬರಿ ಕಡೆ ಎಲ್ಲೆರ ರೂಮ್ ಸಿಗತೈತೇನ್ರಿ?"