ನಾಲ್ಕೂ ಗಾಲಿ ತಿರುಗುವ ಗಾಡಿ

ಮುಜಫರನನ್ನು ಮನೆಗೆ ತರಬೇಕಿತ್ತು. ಅದಕ್ಕೊಂದು ಗಾಡಿ ಬೇಕಿತ್ತು.

ಎರಡು ಮಳೆಗಾಲದ ಹಿಂದೆ ತೋಳಗಳ ಸಮೀಕ್ಷೆಗೆಂದು ಸುರಪುರದ ಗುಡ್ಡಗಳ ಹಿಂದಿನ ಕೂಗುಗುಂಡಿನ ಕೊಳ್ಳಕ್ಕೆ ಹೋದ ಮುಜಫರ ತಿರುಗಿ ಬಂದಿರಲಿಲ್ಲ. ಅವನ ಬಾಡಿಗೆ ಜೀಪು ಹಳ್ಳದ ಉಸುಕಿನಲ್ಲಿ ಹೂತು ಸಿಕ್ಕಿತ್ತು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಸಿಗುವ ಗಾಡಿ ಎಂದು ಹೇಳಿ ಕೊಟ್ಟಿದ್ದರು. ಬಲ ಇದ್ದದ್ದು ಹಿಂದಿನ ಎರಡಕ್ಕೆ ಮಾತ್ರ. ಹೊರಗಿನಿಂದ ನೋಡಿದರೆ ಫರಕು ತಿಳಿಯುವುದಿಲ್ಲ. ಗಾಡಿ ಬಿಟ್ಟು ನಡೆದುಹೋದವನ ಸುಳಿವು ಯಾರಿಗೂ ಹತ್ತಲಿಲ್ಲ. ತಾಯಿ ಮೌಲಾಬಿ ಮಗ ಇದ್ದಾನೆ ಎನ್ನಲಾರದೆ, ಇಲ್ಲ ಎನ್ನಲಾರದೆ ಒಣಗುತ್ತಿದ್ದಳು.

ಈಗ ಆಡು ಮೇಯಿಸುವ ತಿಮ್ಮವ್ವ ಠಾಣೆಗೆ ಬಂದು, ಕೊಳ್ಳದ ಗವಿಯೊಂದರಲ್ಲಿ ಬೂಟು ಮತ್ತು ದುರ್ಬೀನು ಕಂಡೆ ಎಂದಿದ್ದಳು. ಠಾಣೆಯ ಜೀಪು ರಿಪೇರಿಗೆ ಹೋಗಿತ್ತು. ಮೋಡ ಕಟ್ಟುತ್ತಿತ್ತು. ಒಂದು ದೊಡ್ಡ ಮಳೆ ಬಂದರೆ ಹಳ್ಳ ಉಕ್ಕಿ ದಾರಿಯೇ ಇರುವುದಿಲ್ಲ. "ಗಾಡಿ ನಾ ತರ್ತೀನ್ರಿ, ನಾನೇ ಓಡಸ್ತೀನಿ," ಎಂದು ಮುಜಫರನ ತಂಗಿ ಹುಮೇರಾ ಹೆಡ್ ಕಾನ್‌ಸ್ಟೇಬಲ್ ಮರಿಲಿಂಗಪ್ಪನಿಗೆ ಹೇಳಿದಳು.

ಮರುದಿನ ಬೆಳಿಗ್ಗೆ ಇಬ್ಬರೂ ಯಾದಗಿರಿಯ ಬಾಡಿಗೆ ಗಾಡಿಗಳ ಅಂಗಡಿಯ ಮುಂದೆ ನಿಂತಿದ್ದರು.

"ನೀವು ಕೇಳಿದ್ದು ಇದೇ ರಿ. ಎಲ್ಲಾ ಒಂದೇ ಥರ ಅದಾವ," ಎಂದ ಅಂಗಡಿಯ ಸಂಜೀವಕುಮಾರ, ಮಿರಮಿರ ಮಿಂಚುವ ಗಾಡಿಯ ಮೇಲೆ ಕೈಯಿಟ್ಟು.

"ಆ ಜಲ್ಲಿ ಗುಡ್ಡಿ ಮ್ಯಾಲ ಏರಿಸಿ ತೋರಸ್ರಿ," ಎಂದಳು ಹುಮೇರಾ.

ಗಾಡಿ ಅರ್ಧ ಏರಿ ನಿಂತಿತು. ಹಿಂದಿನ ಗಾಲಿಗಳು ಜಲ್ಲಿ ತೂರಿದವು. ಮುಂದಿನವು ಅಲುಗಲಿಲ್ಲ.

"ಹೊತ್ತಾಗ್ತದ ತಂಗಿ. ನಡೀತದ ಬಿಡು," ಎಂದ ಮರಿಲಿಂಗಪ್ಪ.

"ನಮ್ಮಣ್ಣನೂ ಹಿಂಗೇ ಅಂದಿರಬೇಕ್ರಿ."

ಮರಿಲಿಂಗಪ್ಪ ಅಂಗಡಿಯವನ ಕಡೆ ತಿರುಗಿ, ಬೇರೆ ಗಾಡಿ ತೋರಿಸುವಂತೆ ಕೈಸನ್ನೆ ಮಾಡಿದ.

ಕೊನೆಗೆ ಸಂಜೀವಕುಮಾರ ಹಿತ್ತಲಿನಿಂದ ಬಣ್ಣ ಹಾರಿದ ಹಳೆಯ ಜೀಪೊಂದನ್ನು ತಂದ. ಅದರಲ್ಲಿ ಎಸಿ ಇರಲಿಲ್ಲ. ಆದರೆ ಲಿವರ್ ಎಳೆದಾಗ ನಾಲ್ಕೂ ಗಾಲಿ ಜಲ್ಲಿಯನ್ನು ಕಚ್ಚಿ ಗಾಡಿಯನ್ನು ಮೇಲೊಯ್ದವು. ಹುಮೇರಾ ಬ್ರೇಕು, ದೀಪ, ಸ್ಟೆಪ್ನಿಯ ಗಾಳಿ, ಜ್ಯಾಕು ಎಲ್ಲ ನೋಡಿದಳು. ನಟ್ಟು ಬಿಚ್ಚುವ ಪಾನಾ ಇದ್ದದ್ದನ್ನೂ ನೋಡಿ, ಡಿಕ್ಕಿ ಮುಚ್ಚಿದಳು.

ಭೀಮೆಯನ್ನು ದಾಟಿ, ಮಲಗಿದ ಮನುಷ್ಯನಂತೆ ಕಾಣುವ ಶಹಾಪುರದ ಗುಡ್ಡವನ್ನು ಬಳಸಿ, ಭೀಮರಾಯನಗುಡಿಯ ಕಾಲುವೆಗುಂಟ ಅವರು ಸಾಗಿದರು. ಕಾಲುವೆ ನೀರು ಹರಿದಲ್ಲಿ ಭತ್ತದ ಹಸಿರು, ಹರಿಯದಲ್ಲಿ ಕೆಂಪು ನೆಲ. ಸುರಪುರ ದಾಟಿ ತಿಮ್ಮವ್ವಳನ್ನು ಹತ್ತಿಸಿಕೊಂಡ ಮೇಲೆ ಡಾಂಬರು ಮುಗಿಯಿತು. ಆಮೇಲೆ ಬರೀ ಬಂಡೆ. ಒಂದರ ಮೇಲೊಂದು, ಈಗ ಬಿದ್ದಾವು ಎನ್ನುವಂತೆ ನಿಂತ ಆನೆಗಾತ್ರದ ಬಂಡೆಗಳು. ಕೊಳ್ಳಕ್ಕೆ ಇಳಿಯುತ್ತಿದ್ದಂತೆ ಹಕ್ಕಿಗಳ ದನಿಯೂ ಹಿಂದೆ ಉಳಿಯಿತು.

"ಇಲ್ಲಿ ಸಂಜಿಮುಂದ ಗಾಡಿ ಹಾರ್ನ್ ಕೇಳತದ," ಎಂದಳು ತಿಮ್ಮವ್ವ. "ನಮ್ಮ ಮಂದಿ ಈ ಕಡಿ ಆಡು ಬಿಡೂದಿಲ್ಲ. ನಾ ಒಬ್ಬಾಕಿನೇ ಬರಾಕಿ."

"ಗುಂಡಿನ ಸಂದ್ಯಾಗ ಗಾಳಿ ಹೊಕ್ಕರ ಹಂಗ ಆಗತದ ಯಮ್ಮಾ," ಎಂದ ಮರಿಲಿಂಗಪ್ಪ.

"ಇರಬಹುದು."

ಹಳ್ಳದ ಉಸುಕಿನಲ್ಲಿ ಗಾಡಿ ನಿಲ್ಲಿಸಿ ಮೇಲೆ ಹತ್ತಿದರು. ಗವಿಯ ಬಾಯಿ ಎರಡು ಬಂಡೆಗಳ ಹಿಂದಿತ್ತು. ಹೊಟ್ಟೆಯ ಮೇಲೆ ತೆವಳಿ ಒಳಹೊಕ್ಕ ಹುಮೇರಾ ಟಾರ್ಚ್ ಹಾಕಿದಳು.

ಅಣ್ಣ ಅಲ್ಲಿದ್ದ. ಎಲುಬಾಗಿದ್ದ. ಮುರಿದ ಕಾಲಿಗೆ ಕಟ್ಟಿಗೆ ಇಟ್ಟು ಅಂಗಿ ಹರಿದು ಬಿಗಿದುಕೊಂಡಿದ್ದ. ಬಂಡೆಗೆ ಒರಗಿ, ಬೆಳಕಿನ ಕಡೆ ಮುಖ ಮಾಡಿ ಕುಳಿತಿದ್ದ. ಕುಳಿತಲ್ಲಿಂದ ಬಂಡೆಗಳ ಸಂದಿನಲ್ಲಿ ಕೆಳಗಿನ ಹಳ್ಳ ಪೂರ್ತಿ ಕಾಣುತ್ತಿತ್ತು.

ಹಿಂದೆಯೇ ಮರಿಲಿಂಗಪ್ಪ ತೆವಳಿ ಬಂದ. "ಆವಾಗ ಹುಡುಕೋ ಮುಂದ ನಾವು ಕೆಳಗಿನಿಂದಲೇ ಹಾರ್ನ್ ಹೊಡಕೋತ ಹೋಗಿದ್ವಿ ತಂಗಿ," ಎಂದ.

ಹುಮೇರಾ ಕೆಳಗಿನ ಹಳ್ಳದತ್ತ ನೋಡಿದಳು. ಅಣ್ಣ ಅದನ್ನು ಕೇಳಿದ್ದನೇ? ಕೂಗಿದ್ದನೇ? ಹೇಳಲು ಅವನೇ ಉಳಿದಿರಲಿಲ್ಲ. ಮರಿಲಿಂಗಪ್ಪ ಫೋಟೊ ತೆಗೆದ. ಹುಮೇರಾ ತಾನು ತಂದಿದ್ದ ಬಿಳಿ ಬಟ್ಟೆ ಹಾಸಿದಳು. ಮೂವರೂ ಸೇರಿ ಮುಜಫರನನ್ನು ಸುತ್ತಿ ಕೆಳಗೆ ತಂದು, ಹಿಂದಿನ ಸೀಟಿನಲ್ಲಿ ಮಲಗಿಸಿದರು.

ಗಾಡಿ ತಿರುಗಿಸುವಾಗ ಚೂಪು ಕಲ್ಲೊಂದು ಟೈರನ್ನು ಸೀಳಿತು.

"ಸ್ಟೆಪ್ನಿ ಅದ," ಎಂದು ಹುಮೇರಾ ಜ್ಯಾಕು ಏರಿಸಿದಳು. ಪಾನಾ ಹಾಕಿ ತಿರುಗಿಸಿದಳು. ಅದು ಗಿರ್ರನೆ ತಿರುಗಿತು. ನಟ್ಟು ಅಲುಗಲಿಲ್ಲ.

ಪಾನಾ ಬೇರೆ ಗಾಡಿಯದು. ಈ ನಟ್ಟಿಗಿಂತ ಒಂದು ಕೂದಲೆಳೆ ದೊಡ್ಡದು.

ಅಷ್ಟೆಲ್ಲ ನೋಡಿದವಳು ಇದೊಂದನ್ನು ಹಾಕಿ ನೋಡಿರಲಿಲ್ಲ. ಪಡುವಣದಲ್ಲಿ ಗುಡುಗಿತು.

ಮರಿಲಿಂಗಪ್ಪ ಜೇಬಿನಿಂದ ತಂಬಾಕಿನ ಡಬ್ಬಿ ತೆಗೆದು, ಅದರ ತಗಡಿನ ಮುಚ್ಚಳವನ್ನು ಕಲ್ಲಿನಿಂದ ಜಜ್ಜಿ ಸೀಳಿದ. "ಇದನ್ನ ಸಂದ್ಯಾಗ ತುರುಕು."

ತಗಡು ಬಿಗಿಯಾಗಿ ಕೂತಿತು. ಮೊದಲ ನಟ್ಟು ಕಿರುಗುಟ್ಟಿ ಬಿಟ್ಟಿತು. ಆಮೇಲೆ ಮತ್ತೊಂದು.

ಹೊಸ ಗಾಲಿಯ ಕೊನೆಯ ನಟ್ಟು ಬಿಗಿಯುವಾಗ ಅದು ಕೇಳಿಸಿತು. ಉದ್ದನೆಯ ಒಂದು ಹಾರ್ನ್, ಕೊಳ್ಳದ ಮೇಲಿನ ತಿರುವಿನಿಂದ. ಗಾಳಿ ಇರಲಿಲ್ಲ. ಎಲೆಯೂ ಅಲುಗುತ್ತಿರಲಿಲ್ಲ.

ಮೂವರೂ ತಲೆಯೆತ್ತಿ ಅತ್ತ ನೋಡಿದರು. ತಿರುವಿನಲ್ಲಿ ಕೆಂಪು ನೀರು ಕಸಕಡ್ಡಿ ನೂಕುತ್ತ ಬರುತ್ತಿತ್ತು.

"ನೀರು ಬರಾಕತ್ತದ. ಹತ್ರಿ," ಎಂದಳು ತಿಮ್ಮವ್ವ.

ಹುಮೇರಾ ಲಿವರ್ ಎಳೆದಳು. ಗಾಡಿ ಮುಂದೆ ಹೊಯ್ದಾಡಿ ಕುಸಿಯಿತು. ನೀರು ಬಾಗಿಲಿಗೆ ಬಡಿಯಿತು. ಹಿಂದಿನ ಗಾಲಿಗಳು ಉಸುಕಿನಲ್ಲಿ ಸುಮ್ಮನೆ ತಿರುಗಿದವು.

"ಮೆಲ್ಲಕ. ಗಾಬರಿ ಆಗಬ್ಯಾಡ," ಎಂದ ಮರಿಲಿಂಗಪ್ಪ.

ಅವಳು ಸ್ಟೇರಿಂಗ್ ತುಸು ಹೊರಳಿಸಿದಳು. ಮುಂದಿನ ಬಲಗಾಲಿ ಕಲ್ಲೊಂದನ್ನು ಕಚ್ಚಿತು. ಎಡಗಾಲಿಯೂ ಕಚ್ಚಿತು. ಗಾಡಿ ನರಳುತ್ತ, ನೀರು ಸುರಿಸುತ್ತ ದಂಡೆಗೆ ಏರಿತು. ಕೆಳಗೆ ಅವರ ಗಾಲಿಯ ಗುರುತನ್ನು ಹಳ್ಳ ನುಂಗಿಬಿಟ್ಟಿತು.

ತಿಮ್ಮವ್ವ ಹಿಂದಿನ ಸೀಟಿನಲ್ಲಿ ಬಿಳಿ ಗಂಟನ್ನು ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

ದವಾಖಾನೆಯ ತಪಾಸಣೆ, ಠಾಣೆಯ ಕೆಲಸ ಮುಗಿದ ಮೇಲೆ ಮುಜಫರ ಶಹಾಪುರದ ಮನೆಗೆ ಬಂದ. ಮೌಲಾಬಿ ಅಳಲಿಲ್ಲ. ಬಟ್ಟೆಯ ಗಂಟನ್ನು ತೊಡೆಯ ಮೇಲೆ ಇಡಿಸಿಕೊಂಡು ಕೈಯಾಡಿಸಿದಳು.

"ಎಷ್ಟು ಹಗುರ ಆಗ್ಯಾನ," ಎಂದಳು.

ಮಣ್ಣು ಮಾಡಲು ಹೋದವರು ಮರಳಿ ಬಂದಾಗ ಸಂಜೆಯಾಗಿತ್ತು. ಮೌಲಾಬಿ ಮಗಳನ್ನು ಹತ್ತಿರ ಕರೆದು, ಪಾನಾ ತಿರುಗಿಸಿ ಸುಲಿದಿದ್ದ ಅವಳ ಅಂಗೈಗೆ ಎಣ್ಣೆ ಹಚ್ಚಿದಳು. ಅಲ್ಲೇ ಚಾಪೆಯ ಮೇಲೆ, ಮಗಳ ಕೈ ಹಿಡಿದುಕೊಂಡೇ, ಅವಳಿಗೆ ನಿದ್ದೆ ಹತ್ತಿತು. ಹುಮೇರಾ ಕೈ ಬಿಡಿಸಿಕೊಳ್ಳದೆ ಕೂತಳು.